ಮರದೊಳಗೆ ಹೊಕ್ಕ ಪರಕೀಯ ಆಜ್ಞೆ

ಸಸಿಯನ್ನು ಕೊಳ್ಳುವಾಗ ನಾವು ಎಲೆಯ ಹಸಿರನ್ನು ನೋಡುತ್ತೇವೆ, ಕಸಿಯ ಕಟ್ಟನ್ನು ನೋಡುತ್ತೇವೆ. ಬೇರಿನ ಬುಡವನ್ನು ನೋಡುವವರು ವಿರಳ. ತೋಟದ ಕಾಯಕವನ್ನೇ ನಂಬಿದ ಮನೆತನಗಳು ನಮ್ಮಲ್ಲಿ ಬಹಳ. ಆದ್ದರಿಂದ ಈ ವಿಷಯವನ್ನು ಓದುಗರ ಮುಂದಿಡಬೇಕೆನಿಸಿತು.

ಪೀಚ್, ಬಾದಾಮಿ, ಸೇಬು, ಗುಲಾಬಿ ಮೊದಲಾದ ಗಿಡಗಳಲ್ಲಿ ಕಾಂಡವೂ ಬೇರೂ ಕೂಡುವೆಡೆ ಒಮ್ಮೊಮ್ಮೆ ಕಾಳಿನಷ್ಟು ಗಂಟು ಕಾಣುತ್ತದೆ. ಬರುಬರುತ್ತ ಅದು ಉಬ್ಬಿ, ಒರಟಾಗಿ, ನೀರು-ಸಾರಗಳ ಹಾದಿಯನ್ನು ತಡೆಯುತ್ತದೆ. ಎಳೆಯ ಮರ ಸೊರಗುತ್ತದೆ. ಇದು ಕ್ರೌನ್ ಗಾಲ್ ರೋಗ. ನಾವು ಬುಡಗಂಟು ಎನ್ನೋಣ. ಇದಕ್ಕೆ ಕಾರಣವಾದ ದುಂಡಾಣುವನ್ನು 1907ರಲ್ಲಿ ಅಮೆರಿಕದ ಸ್ಮಿತ್ ಮತ್ತು ಟೌನ್‌ಸೆಂಡ್ ಗುರುತಿಸಿದರು. ಅಗ್ರೋಬ್ಯಾಕ್ಟೀರಿಯಂ ಎಂಬುದು ಅದಕ್ಕೆ ನಂತರ ಬಂದ ಹೆಸರು.

ಆದರೆ ಒಗಟು ಬಿಡಲಿಲ್ಲ. ದುಂಡಾಣುವನ್ನು ಪೂರ್ತಿ ನಿರ್ಮೂಲ ಮಾಡಿದರೂ ಗಂಟು ಬೆಳೆಯುತ್ತಲೇ ಇರುತ್ತದೆಂದು 1940ರ ದಶಕದಲ್ಲಿ ಆರ್ಮಿನ್ ಬ್ರೌನ್ ತೋರಿಸಿದರು. ಕಳ್ಳ ಊರು ಬಿಟ್ಟ ಮೇಲೂ ಕಳವು ನಿಲ್ಲದಿದ್ದರೆ ಏನೆಂದು ತಿಳಿಯಬೇಕು? ಉತ್ತರ ದೊರೆಯಲು ಮೂರು ದಶಕ ಹಿಡಿಯಿತು. ಈ ದುಂಡಾಣುವಿನಲ್ಲಿ ಪ್ಲಾಸ್ಮಿಡ್ ಎಂಬ ಬಳೆಯಾಕಾರದ ಡಿಎನ್‌ಎ ಇರುವುದನ್ನು 1974ರಲ್ಲಿ ಬೆಲ್ಜಿಯಂನ ಷೆಲ್, ವಾನ್ ಮಾಂಟಾಗು ಮತ್ತು ಸಂಗಡಿಗರು ಕಂಡರು. ಅದರ ಒಂದು ತುಣುಕು ಸಸ್ಯದ ಜೀವಕೋಶದೊಳಗೇ ಸೇರಿರುತ್ತದೆಂದು 1977ರಲ್ಲಿ ಮೇರಿ ಡೆಲ್ ಚಿಲ್ಟನ್ ಮತ್ತು ಸಹೋದ್ಯೋಗಿಗಳು ಸಿದ್ಧಪಡಿಸಿದರು.

ನಡೆಯುವುದು ಹೀಗೆ. ಗಾಯಗೊಂಡ ಗಿಡ ಒಸರುವ ರಸದ ಸುಳಿವು ಹಿಡಿದು ದುಂಡಾಣು ತನ್ನ ವಂಶವಾಹಿಗಳ ತುಣುಕೊಂದನ್ನು ಗಿಡದ ವಂಶವಾಹಿಗಳ ನಡುವೆ ಸೇರಿಸುತ್ತದೆ. ಅವುಗಳಲ್ಲಿ ಕೆಲವು ಬೆಳವಣಿಗೆಯ ಹಾರ್ಮೋನುಗಳಾದ ಆಕ್ಸಿನ್, ಸೈಟೊಕೈನಿನ್‌ಗಳನ್ನು ಮಿತಿಮೀರಿ ತಯಾರಿಸುತ್ತವೆ, ಅದರಿಂದಲೇ ಗಂಟು. ಮತ್ತೆ ಕೆಲವು ಓಪೈನ್ ಎಂಬ ಪದಾರ್ಥವನ್ನು ಮಾಡಿಸುತ್ತವೆ. ಓಪೈನ್ ಗಿಡಕ್ಕೆ ಉಪಯೋಗವಿಲ್ಲ, ದುಂಡಾಣುವಿಗೆ ಮಾತ್ರ ಆಹಾರ. ಮರದ ಕೈಯಿಂದಲೇ ತನಗೆ ಅಡುಗೆ ಮಾಡಿಸಿಕೊಳ್ಳುವ ಈ ಅತಿಥಿಯ ಜಾಣ್ಮೆಗೆ ಬೆರಗಾಗದೆ ಉಪಾಯವಿಲ್ಲ!

ರೋಗದ ವಂಶವಾಹಿಗಳನ್ನು ತೆಗೆದು, ಬೇಕಾದುದನ್ನು ಅಲ್ಲಿರಿಸಿ ಸಸ್ಯಕ್ಕೆ ದಾಟಿಸುವ ವಿದ್ಯೆ ಇದರಿಂದಲೇ ಹುಟ್ಟಿತು. ನಮ್ಮ ದೇಶದಲ್ಲಿ 2002ರಲ್ಲಿ ಅನುಮತಿ ಪಡೆದು ಧಾರವಾಡ, ಹಾವೇರಿ ಸೀಮೆಯ ಹೊಲಗಳಿಗೂ ಬಂದ ಬಿಟಿ ಹತ್ತಿ ಈ ಮಾರ್ಗದ್ದೇ. ಇದು ಮನುಷ್ಯನ ಹೊಸ ಚೇಷ್ಟೆಯೆಂದು ಹೇಳುವವರು ಗೆಣಸನ್ನು ನೆನೆಯಬೇಕು. ಪರೀಕ್ಷಿಸಿದ 291 ಸಾಗುವಳಿ ಗೆಣಸುಗಳಲ್ಲೂ ಈ ದುಂಡಾಣು ಕುಲದ ವಂಶವಾಹಿಗಳು ಇದ್ದುದು 2015ರಲ್ಲಿ ಪ್ರಕಟವಾಯಿತು. ಶಿವರಾತ್ರಿಯ ಉಪವಾಸಕ್ಕೆ ನಾವು ಬೇಯಿಸುವ ಗೆಣಸನ್ನು ನಿಸರ್ಗವೇ ಮಾರ್ಪಡಿಸಿತ್ತೆಂದಾಯಿತು.

ರೋಗಕ್ಕೆ ಪ್ರತೀಕಾರವೂ ವಂಶವಾಹಿಗಳಲ್ಲೇ ದೊರೆಯಿತು. ಆಸ್ಟ್ರೇಲಿಯದ ಅಲೆನ್ ಕೆರ್ 1970ರ ದಶಕದಲ್ಲಿ ಕೆ-84 ಎಂಬ ನಿರುಪದ್ರವಿ ತಳಿಯನ್ನು ಕಂಡುಕೊಂಡರು. ಅದರ ದ್ರಾವಣದಲ್ಲಿ ಬೇರನ್ನು ಅದ್ದಿ ನೆಟ್ಟರೆ ಅದು ಸ್ರವಿಸುವ ವಿಷ ರೋಗಾಣುವನ್ನು ಕೊಲ್ಲುತ್ತದೆ. ರೋಗ ತರುವ ಪ್ಲಾಸ್ಮಿಡ್ಡಿನಲ್ಲೇ ಆ ವಿಷಕ್ಕೆ ಬಾಗಿಲು ತೆರೆಯುವ ವಂಶವಾಹಿಯೂ ಇದೆ. ರಕ್ಷಣೆಯ ಗುಟ್ಟು ಶತ್ರುವಿಗೆ ದಾಟಬಾರದೆಂದು, ದಾಟಿಸುವ ಭಾಗವನ್ನೇ ಕತ್ತರಿಸಿ ಕೆ-1026 ಎಂಬ ತಳಿಯನ್ನೂ ಬಳಿಕ ರೂಪಿಸಲಾಯಿತು.

ದ್ರಾಕ್ಷಿ ಬೆಳೆಗಾರರಿಗೊಂದು ಮಾತು: ಬಳ್ಳಿಯ ಗಂಟಿಗೆ ಕಾರಣ ಸಮೀಪದ ಬೇರೊಂದು ದುಂಡಾಣು, ಅದರ ಮೇಲೆ ಕೆ-84 ನಡೆಯದು. ಒಮ್ಮೆ ಗಂಟಾದ ಮೇಲೆ ಯಾವ ಗಿಡಕ್ಕೂ ಔಷಧಿ ಫಲಿಸುವುದು ಕಡಿಮೆ. ಗಂಟಿರುವ ಸಸಿಯನ್ನು ನೆಡದೆ ಸುಡಬೇಕು, ಕಸಿಚಾಕುವನ್ನು ಪ್ರತಿ ಗಿಡಕ್ಕೂ ಶುದ್ಧಮಾಡಬೇಕು, ಕಳೆ ತೆಗೆಯುವಾಗ ಬುಡಕ್ಕೆ ಗುದ್ದಲಿ ತಗುಲದಂತೆ ನೋಡಿಕೊಳ್ಳಬೇಕು. ಈ ದುಂಡಾಣುವಿಗೆ ಬೇಕಾದುದು ಒಂದು ಗಾಯ ಮಾತ್ರ.