ಪಾಪ್‌ಕಾರ್ನ್ ಯಂತ್ರ ಕೊಳ್ಳುವ ಮುನ್ನ

ಮನೆಬಳಕೆಯ ಪಾಪ್‌ಕಾರ್ನ್ ಯಂತ್ರಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಬಿಸಿಗಾಳಿಯದು, ಅದಕ್ಕೆ ಎಣ್ಣೆಯೇ ಬೇಡ. ಇನ್ನೊಂದರಲ್ಲಿ ಬಿಸಿ ತಟ್ಟೆಯ ಮೇಲೆ ಕಡ್ಡಿ ತಿರುಗುತ್ತಾ ಕಾಳನ್ನು ಆಡಿಸುತ್ತದೆ. ಇದಕ್ಕೆ ಸ್ವಲ್ಪ ಎಣ್ಣೆ ಬೇಕು. ಉಪ್ಪು ಚೆನ್ನಾಗಿ ಹಿಡಿಯುತ್ತದೆ, ಆದರೆ ತೊಳೆಯುವ ಕೆಲಸ ಹೆಚ್ಚು. ನಮ್ಮ ಅಬ್ಬಾ ಅವರಿಗೆ ಡಾಕ್ಟರ್ ಎಣ್ಣೆ ಕಡಿಮೆ ಮಾಡಲು ಹೇಳಿದ್ದಾರೆ. ಹಾಗಾಗಿ ನಾನು ಬಿಸಿಗಾಳಿ ಯಂತ್ರದ ಲೆಕ್ಕ ಹಾಕಿದೆ.

1200 ವ್ಯಾಟಿನ ಯಂತ್ರ 3 ನಿಮಿಷ ಓಡಿದರೆ ಖರ್ಚಾಗುವುದು 0.06 ಯೂನಿಟ್ ಕರೆಂಟ್ ಮಾತ್ರ. ಆದರೆ ಅದು 5 ಆಂಪಿಯರ್‌ಗಿಂತ ಹೆಚ್ಚು ಎಳೆಯುತ್ತದೆ. ಆದ್ದರಿಂದ ಮಿಕ್ಸಿ, ಫ್ಯಾನ್ ಎಲ್ಲ ಸಿಕ್ಕಿಸಿದ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಬಾರದು. 16 ಆಂಪಿಯರ್ ಸಾಕೆಟ್ ಒಳ್ಳೆಯದು.

ನಿಜವಾದ ಖರ್ಚು ಯಂತ್ರದ ಬೆಲೆ. ನಾವು ಪಾಠದಲ್ಲಿ ಓದುವ ಸ್ಥಿರ ವೆಚ್ಚ ಇದೇ. 1,500 ರೂಪಾಯಿಯ ಯಂತ್ರ 2 ವರ್ಷ ಬಾಳಿತು ಅಂದುಕೊಳ್ಳಿ. ವಾರಕ್ಕೊಮ್ಮೆ ಬಳಸಿದರೆ ಒಂದು ಸಲಕ್ಕೆ ಸುಮಾರು 14 ರೂಪಾಯಿ ಬೀಳುತ್ತದೆ. ತಿಂಗಳಿಗೊಮ್ಮೆ ಆದರೆ 62.50 ರೂಪಾಯಿ!

ಅಮ್ಮಿ ಈ ಲೆಕ್ಕ ನೋಡಿ, ಒಂದು ತಿಂಗಳು ಗ್ಯಾಸ್ಕೆಟ್, ವಿಶಲ್ ತೆಗೆದ ಕುಕ್ಕರಿನಲ್ಲಿ ಒಂದೇ ಚಮಚ ಎಣ್ಣೆ ಹಾಕಿ ಮಾಡೋಣ ಎಂದರು. ಮಾಡಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇವೆ. ನಾಲ್ಕು ಗುರುತು ಬಿದ್ದರೆ ಯಂತ್ರ, ಇಲ್ಲದಿದ್ದರೆ ಆ ಹಣ ಅಬ್ಬಾ ಅವರ ಔಷಧಿಗೆ.

ಯಾವುದರಲ್ಲಿ ಮಾಡಿದರೂ ಕಾಳು ಮುಖ್ಯ. ಅದರೊಳಗಿನ ಶೇ. 14ರಷ್ಟು ತೇವವೇ ಸುಮಾರು 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆವಿಯ ಒತ್ತಡದಿಂದ ಸಿಪ್ಪೆ ಒಡೆಯುತ್ತದೆ. ಕಾಳು ಒಣಗಿದರೆ ದುಬಾರಿ ಯಂತ್ರದಲ್ಲೂ ಸರಿಯಾಗಿ ಅರಳುವುದಿಲ್ಲ. ಪ್ಯಾಕೆಟ್ ಒಡೆದ ಕೂಡಲೇ ಗಾಳಿಯಾಡದ ಡಬ್ಬಿಗೆ ತುಂಬಿಡಿ.