ಗಟ್ಟಿ ಫಾಸ್ಟು, ಜೋರು ಫಾಸ್ಟು

ಕಲಬುರಗಿಯ ನಂದೂರ–ಕೆಸರಟಗಿ ಕೈಗಾರಿಕಾ ಪ್ರದೇಶದಲ್ಲಿ ಯಾವುದಾದರೂ ಬೇಳೆ ಮಿಲ್ಲಿನ ಒಳಹೊಕ್ಕು ನೋಡಿ. ಮೋಟಾರು ಗುಂಯ್‌ಗುಡುತ್ತಿರುತ್ತದೆ, ಬೆಲ್ಟು ಓಡುತ್ತಿರುತ್ತದೆ, ತೊಗರಿಯ ಸಿಪ್ಪೆ ತೆಗೆಯುವ ರೋಲರು ಕಣ್ಣಿಗೆ ಹತ್ತದಂತೆ ತಿರುಗುತ್ತಿರುತ್ತದೆ. ಇದು ಫಾಸ್ಟ್. ಅದೇ ಯಂತ್ರದ ಕಾಲನ್ನು ನೆಲದ ಕಾಂಕ್ರೀಟಿಗೆ ಬಿಗಿದಿರುವ ನಟ್ಟು-ಬೋಲ್ಟಿಗೆ ಹಾರ್ಡ್‌ವೇರ್ ಅಂಗಡಿಯ ಬೋರ್ಡಿನ ಮೇಲೆ ಬರೆದಿರುವ ಹೆಸರು ಫಾಸ್ಟನರ್. ಒಂದು ನಿಲ್ಲದೆ ತಿರುಗುವುದು, ಇನ್ನೊಂದು ಕೂದಲೆಳೆಯಷ್ಟೂ ಅಲುಗಬಾರದ್ದು. ಎರಡೂ ಒಂದೇ ಬೇರಿನಿಂದ ಬಂದ ಹೆಸರುಗಳು.

ಇವೆರಡರಲ್ಲಿ ಹಳೆಯದು ಅಲುಗದ ಅರ್ಥ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಈ ಪದಕ್ಕೆ ‘ಗಟ್ಟಿ, ಬಿಗಿ, ಭದ್ರ’ ಎಂಬ ಅರ್ಥವಿತ್ತು. ಅದರ ದಾಯಾದಿ ಭಾಷೆಯಾದ ಜರ್ಮನ್ನಿನಲ್ಲಿ ‘ಫೆಸ್ಟ್’ ಎಂದರೆ ಇವತ್ತಿಗೂ ಗಟ್ಟಿ ಎಂದೇ. ವೇಗದ ಅರ್ಥ ಸುಮಾರು 13ನೇ ಶತಮಾನದ ಹೊತ್ತಿಗೆ ಬಂದು ಸೇರಿಕೊಂಡಿತು.

ಗಟ್ಟಿಯಾದದ್ದು ಓಟವಾದದ್ದು ಹೇಗೆ? ಇದನ್ನು ಇಂಗ್ಲಿಷ್ ಪಂಡಿತರಿಗಿಂತ ಚೆನ್ನಾಗಿ ಕಲಬುರಗಿಯವರು ಹೇಳಬಲ್ಲರು. ನಮ್ಮ ‘ಜೋರು’ ಪಾರಸಿಯಿಂದ ಬಂದ ಮಾತು, ಅದರ ಮೂಲ ಅರ್ಥ ಬಲ. ನಾವು ‘ಜೋರು ಮಳಿ’ ಎಂದಾಗ ಅದು ರಭಸ, ‘ಜೋರ್ ಮಾತಾಡಬ್ಯಾಡ’ ಎಂದಾಗ ದನಿ, ‘ಗಾಡಿ ಜೋರ್ ಹೊಡಿಬ್ಯಾಡೋ ತಮ್ಮಾ’ ಎಂದಾಗ ಬರೀ ವೇಗ. ಬಲ ಹಾಕಿ ಓಡಿದವನು ಬೇಗ ಮುಟ್ಟುತ್ತಾನೆ. ಬಲದ ಮಾತು ವೇಗದ ಮಾತಾಗುತ್ತದೆ. ಇಂಗ್ಲಿಷಿನಲ್ಲೂ ಆದದ್ದು ಇಷ್ಟೇ. ಬಿಗಿಯಾಗಿ, ಬಲವಾಗಿ, ಸಡಿಲಬಿಡದೆ ಓಡು ಎನ್ನುವುದು ಬರಬರುತ್ತ ವೇಗವಾಗಿ ಓಡು ಎಂದಾಯಿತು. ‘ಗಟ್ಟಿಯಾಗಿ ಓದು’ ಎಂದು ಮೇಷ್ಟ್ರು ಹೇಳಿದಾಗ ನಾವು ದನಿ ಏರಿಸುತ್ತೇವಲ್ಲ, ಅಲ್ಲಿ ನಮ್ಮ ‘ಗಟ್ಟಿ’ಯೂ ಹೀಗೆಯೇ ಪಕ್ಕಕ್ಕೆ ಸರಿದಿದೆ.

ಇಂಗ್ಲಿಷಿನ ಫಾಸ್ಟ್‌ಗೆ ಉಪವಾಸ ಎಂಬ ಅರ್ಥವೂ ಇದೆ, ಅದೂ ಅದೇ ಬಿಗಿಯಿಂದ ಬಂದದ್ದು. ನೇಮವನ್ನು ಬಿಡದೆ ಹಿಡಿಯುವುದು ಅದರ ಹುರುಳು. ನಮ್ಮ ಕಡೆಯ ಮಾತನ್ನು ಕೇಳಿ: ‘ಅಕಿ ಶ್ರಾವಣ ಸೋಮವಾರ ಹಿಡದಾಳ’, ‘ರೋಜಾ ಹಿಡದಾರ’. ಶರಣಬಸವೇಶ್ವರ ಗುಡಿಯ ಓಣಿಯಲ್ಲೂ ಬಂದೇನವಾಜ್ ದರ್ಗಾದ ಓಣಿಯಲ್ಲೂ ಉಪವಾಸವನ್ನು ಹಿಡಿಯುತ್ತಾರೆ, ಹೊತ್ತು ಮುಳುಗಿದಾಗ ಬಿಡುತ್ತಾರೆ. ಇಂಗ್ಲಿಷರು ರಾತ್ರಿಯ ಉಪವಾಸವನ್ನು ಬೆಳಿಗ್ಗೆ ಮುರಿದು ಅದಕ್ಕೆ ಬ್ರೇಕ್‌ಫಾಸ್ಟ್ ಎಂದರು. ನಾವು ಅದಕ್ಕೆ ಹೇಳುವ ‘ನಾಷ್ಟಾ’ ಕೂಡ ಪಾರಸಿಯಲ್ಲಿ ಮೊದಲು ಬೆಳಗಿನಿಂದ ಏನೂ ತಿನ್ನದ ಸ್ಥಿತಿಗೇ ಇದ್ದ ಹೆಸರು. ಎರಡು ದೂರದ ಭಾಷೆಗಳು ಬೆಳಗಿನ ತಿಂಡಿಯನ್ನು ಉಪವಾಸದ ಹೆಸರಿನಿಂದಲೇ ಕರೆದಿರುವುದು ನನಗೆ ಬಹಳ ಹಿಡಿಸಿದ ಸಂಗತಿ.

ಈ ಪದ ತಿಳಿಯದೆ ಹೆಚ್ಚು ತೊಂದರೆಯಾಗುವುದು ಆಸ್ಪತ್ರೆಯಲ್ಲಿ. ರಕ್ತಪರೀಕ್ಷೆಯ ಚೀಟಿಯಲ್ಲಿ ‘ಫಾಸ್ಟಿಂಗ್ ಶುಗರ್’ ಎಂದಿದ್ದರೆ ಬೇಗ ಮಾಡಬೇಕಾದ ಪರೀಕ್ಷೆ ಎಂದಲ್ಲ. ಕನಿಷ್ಠ 8 ಗಂಟೆ ಏನೂ ತಿನ್ನದೆ, ಚಹಾ ಕೂಡ ಕುಡಿಯದೆ ರಕ್ತ ಕೊಡಬೇಕು. ಬರೀ ನೀರು ಕುಡಿಯಬಹುದು. ಅದೇ ಪ್ರಯೋಗಾಲಯದಲ್ಲಿ ಕ್ಷಯದ ಕಫ ಪರೀಕ್ಷೆಯ ಚೀಟಿಯ ಮೇಲೆ ‘ಎ.ಎಫ್.ಬಿ.’ (ಆಸಿಡ್ ಫಾಸ್ಟ್ ಬ್ಯಾಸಿಲೈ) ಎಂದಿರುತ್ತದೆ. ನಡುವಿನ ‘ಎಫ್’ ಇದೇ ಫಾಸ್ಟ್. ಕ್ಷಯದ ರೋಗಾಣುವನ್ನು ರಾಬರ್ಟ್ ಕಾಕ್ 1882ರಲ್ಲಿ ಜಗತ್ತಿಗೆ ತೋರಿಸಿದರು. ಅದರ ಮೈಮೇಲೆ ಮೇಣದಂಥ ಕವಚವಿದೆ. ಗಾಜಿನ ಮೇಲೆ ಸವರಿದ ಕಫಕ್ಕೆ ಕೆಂಪು ಬಣ್ಣ ಹಾಕಿ ಬಿಸಿ ಮಾಡಿ, ಆಮ್ಲ ಬೆರೆತ ಮದ್ಯಸಾರದಿಂದ ತೊಳೆದರೆ ಉಳಿದೆಲ್ಲದರ ಬಣ್ಣ ಹೋಗುತ್ತದೆ, ಈ ರೋಗಾಣುವಿನದು ಹೋಗುವುದಿಲ್ಲ. ಆಮೇಲೆ ನೀಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೀಲಿ ಹಿನ್ನೆಲೆಯ ಮೇಲೆ ಸಣ್ಣ ಕೆಂಪು ಕಡ್ಡಿಗಳು ಕಾಣುತ್ತವೆ. ಆಮ್ಲಕ್ಕೂ ಬಣ್ಣ ಬಿಡದ ಗಟ್ಟಿತನವೇ ಅಲ್ಲಿನ ಫಾಸ್ಟ್.

ಬಟ್ಟೆ ಅಂಗಡಿಯವರದೂ ಇದೇ ಅರ್ಥ. ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಸೀರೆ ಕೊಳ್ಳುವ ಹೆಂಗಸರು ‘ಬಣ್ಣ ಬಿಡ್ತದೇನ್ರಿ?’ ಎಂದು ಕೇಳಿದರೆ ‘ಕಲರ್ ಫಾಸ್ಟ್ ಅದ ಅಕ್ಕಾ’ ಎಂಬ ಉತ್ತರ ಬರುತ್ತದೆ. ಮಾತು ನಂಬದವರು ಕರ್ಚೀಫಿನ ತುದಿ ಒದ್ದೆ ಮಾಡಿ ಸೆರಗಿನ ಒಳಮಗ್ಗುಲಿಗೆ ತಿಕ್ಕಿ ನೋಡುತ್ತಾರೆ. ಬಟ್ಟೆ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ನಡೆಯುವುದೂ ಹೆಚ್ಚುಕಡಿಮೆ ಅದೇ ಪರೀಕ್ಷೆ, ಅಂಕ ಕೊಡುವುದೊಂದು ಹೆಚ್ಚು: ಒಗೆತಕ್ಕೆ 1ರಿಂದ 5, ಬಿಸಿಲಿಗೆ 1ರಿಂದ 8. ಅಂಕ ಹೆಚ್ಚಾದಷ್ಟೂ ಬಣ್ಣ ಗಟ್ಟಿ. 1956ರಲ್ಲಿ ಮಾರುಕಟ್ಟೆಗೆ ಬಂದ ರಿಯಾಕ್ಟಿವ್ ಬಣ್ಣಗಳು ಹತ್ತಿಯ ಎಳೆಯೊಂದಿಗೆ ರಾಸಾಯನಿಕವಾಗಿಯೇ ಬೆಸೆದುಕೊಳ್ಳುತ್ತವೆ, ಹಾಗಾಗಿ ನೀರಿಗೆ ಬಿಡುವುದಿಲ್ಲ. ಎಂ.ಎಸ್.ಕೆ. ಮಿಲ್ ಎಂಬ ಬಟ್ಟೆ ಗಿರಣಿಯ ಹೆಸರನ್ನು ಬಡಾವಣೆಗೆ ಉಳಿಸಿಕೊಂಡ ಈ ಊರಿಗೆ ಬಣ್ಣದ ಗಟ್ಟಿತನ ಹೊಸ ವಿಷಯವೇನಲ್ಲ.

ವೇಗದ ಅರ್ಥ ಎಲ್ಲರಿಗೂ ಗೊತ್ತಿರುವುದೇ. ರೈಲ್ವೆಯವರು ಬ್ರಾಡ್‌ಗೇಜಿನಲ್ಲಿ ಸರಾಸರಿ ಗಂಟೆಗೆ 55 ಕಿ.ಮೀ. ಮುಟ್ಟುವ ಗಾಡಿಗೆ ಸೂಪರ್‌ಫಾಸ್ಟ್ ಎಂದು ಹೆಸರಿಟ್ಟು ಹೆಚ್ಚಿನ ದರ ಹಾಕುತ್ತಾರೆ. 2017ರಲ್ಲಿ ಉದ್ಘಾಟನೆಯಾದ ಬೀದರ–ಕಲಬುರಗಿ ಮಾರ್ಗದಲ್ಲಿ ಕಮಲಾಪುರದ ನಿಲ್ದಾಣಕ್ಕೆ ಬರುವ ಪ್ಯಾಸೆಂಜರ್ ಗಾಡಿಗೆ ಆ ಹೆಸರೂ ಇಲ್ಲ, ಆ ದರವೂ ಇಲ್ಲ.

ಕನ್ನಡ ಮಾಧ್ಯಮದ ಮಕ್ಕಳು ‘ಫಾಸ್ಟ್ ಅಸ್ಲೀಪ್’ (ಗಾಢ ನಿದ್ದೆಯಲ್ಲಿ) ಎಂಬುದನ್ನು ‘ಬೇಗ ಮಲಗಿದ’ ಎಂದು ಬರೆದು ಅಂಕ ಕಳೆದುಕೊಳ್ಳುತ್ತಾರೆ. ತಪ್ಪು ಮಕ್ಕಳದಲ್ಲ, ನಾವು ಅವರಿಗೆ ಕಲಿಸಿದ್ದು ಒಂದೇ ಅರ್ಥ, ಅದೂ ಕಿರಿಯ ಅರ್ಥ. ಇಂಗ್ಲಿಷ್ ಕಲಿಸುವ ಮೇಷ್ಟ್ರುಗಳಲ್ಲಿ ನನ್ನ ಕೇಳಿಕೆ ಇಷ್ಟೇ: ಈ ಪದ ಬಂದಾಗ ಮೊದಲು ‘ಗಟ್ಟಿ’ ಎಂದು ಇಟ್ಟು ನೋಡಲು ಹೇಳಿಕೊಡಿ. ಅದು ಹೊಂದದಿದ್ದರೆ ‘ಜಲ್ದಿ’ ಇಡಲಿ.