ಟಾನ್ಸಿಲ್ ತೆಗೆದ ಗಂಟಲಿನ ಕಾವಲು

ಟಾನ್ಸಿಲ್ ಆಪರೇಷನ್ ಆದ ಮಗುವನ್ನು ರಾತ್ರಿ ವಾರ್ಡಿನಲ್ಲಿ ನೋಡಲು ಹೋದಾಗ ನನ್ನ ಕಣ್ಣು ಮೊದಲು ಹೋಗುವುದು ಅದರ ಕತ್ತಿನ ಕಡೆಗೆ. ನಿದ್ದೆಯಲ್ಲೂ ಮಗು ಮತ್ತೆ ಮತ್ತೆ ನುಂಗುತ್ತಿದ್ದರೆ ತಕ್ಷಣ ಟಾರ್ಚ್ ಕೇಳುತ್ತೇನೆ. ಚಿಕ್ಕ ಮಕ್ಕಳು ಗಂಟಲಿಗಿಳಿದ ರಕ್ತವನ್ನು ಉಗುಳದೆ ನುಂಗಿಬಿಡುತ್ತಾರೆ. ಎಷ್ಟೋ ಹೊತ್ತಿನ ಮೇಲೆ ಕಪ್ಪಗೆ ವಾಂತಿಯಾದಾಗಲೇ ಮನೆಯವರಿಗೆ ಗೊತ್ತಾಗುವುದು. ಅಷ್ಟರಲ್ಲಿ ನಾಡಿ ಓಡತೊಡಗಿರುತ್ತದೆ. 15 ಕಿಲೊ ತೂಗುವ ಮಗುವಿನ ಮೈಯಲ್ಲಿರುವ ರಕ್ತವೇ ಒಂದು ಲೀಟರಿಗಿಂತ ತುಸು ಹೆಚ್ಚು. ಒಂದು ಲೋಟ ಹೋದರೂ ಅದು ದೊಡ್ಡ ನಷ್ಟ.

ಮುಖಕ್ಕೂ ನಾಲಿಗೆಗೂ ರಕ್ತ ಒಯ್ಯುವ ನಾಳಗಳ ಕವಲುಗಳು ಟಾನ್ಸಿಲ್‌ಗೂ ಬರುತ್ತವೆ. ಅದರ ಪಕ್ಕದಲ್ಲೇ ಇಳಿಯುವ ಒಂದು ಅಭಿಧಮನಿಯೂ ನಮ್ಮನ್ನು ಆಗಾಗ ಕಾಡಿಸುತ್ತದೆ. ಟಾನ್ಸಿಲ್ ಬಿಡಿಸಿದ ಕೂಡಲೇ ಆ ಗುಳಿಗೆ ಗಾಜ್ ಬಟ್ಟೆಯ ಉಂಡೆ ತುಂಬಿ ಕೆಲವು ನಿಮಿಷ ಒತ್ತಿ ಹಿಡಿಯುತ್ತೇವೆ. ಸಣ್ಣಪುಟ್ಟ ಒಸರು ಅಷ್ಟಕ್ಕೇ ನಿಲ್ಲುತ್ತದೆ. ನಿಲ್ಲದ ನಾಳವನ್ನು ದಾರದಿಂದ ಕಟ್ಟಬಹುದು, ವಿದ್ಯುತ್ ಶಾಖದಿಂದ ಸುಡಬಹುದು. ನನ್ನ ಒಲವು ದಾರದ ಕಡೆಗೆ. ಬ್ರಿಟನ್ನಿನಲ್ಲಿ 2003-04ರಲ್ಲಿ ಸುಮಾರು 34,000 ರೋಗಿಗಳ ದಾಖಲೆ ನೋಡಿದಾಗ, ಶಾಖ ಬಳಸಿದವರಲ್ಲಿ ಆಮೇಲಿನ ರಕ್ತಸ್ರಾವ ಹೆಚ್ಚು ಕಂಡಿತ್ತು. ಸುಡಲೇಬೇಕಾದಾಗ ನಾನೂ ಸುಡುತ್ತೇನೆ, ಆದರೆ ಆದಷ್ಟು ಕಡಿಮೆ.

ಮುಗಿಸುವ ಮುನ್ನ ಬಾಯಿ ತೆರೆದಿಟ್ಟ ಉಪಕರಣವನ್ನು ಸಡಿಲಿಸಿ ಇನ್ನೊಮ್ಮೆ ನೋಡಲೇಬೇಕು. ಅದರ ಎಳೆತಕ್ಕೆ ಅದುಮಿಕೊಂಡಿದ್ದ ನಾಳ ಆಗ ತೆರೆದುಕೊಳ್ಳಬಹುದು. ಕಿರುನಾಲಿಗೆಯ ಹಿಂದೆ, ಮೂಗಿನ ಕಡೆ ಅಡಗಿದ ಹೆಪ್ಪನ್ನೂ ಹೀರಿ ತೆಗೆಯಬೇಕು. ಅರಿವಳಿಕೆ ಇಳಿಯುವಾಗ ಅದು ಜಾರಿ ಶ್ವಾಸನಾಳಕ್ಕೆ ಬಿದ್ದರೆ ಉಸಿರೇ ಕಟ್ಟುತ್ತದೆ.

ಮೊದಲ 24 ಗಂಟೆ ದಾಟಿತೆಂದು ತಂದೆತಾಯಿ ನಿರಾಳರಾಗುತ್ತಾರೆ. ಆದರೆ ಐದರಿಂದ ಹತ್ತನೇ ದಿನದ ನಡುವೆ ಇನ್ನೊಂದು ಗಂಡಾಂತರವಿದೆ. ಗಾಯದ ಮೇಲೆ ಕಟ್ಟಿದ ಬಿಳಿ ಪೊರೆ ಕಳಚುವ ಸಮಯವದು. ಆ ಪೊರೆ ಕೀವಲ್ಲ. ದಯವಿಟ್ಟು ಬೆರಳಿಗೆ ಬಟ್ಟೆ ಸುತ್ತಿ ಒರೆಸಬೇಡಿ. ಮಗುವಿಗೆ ಬರೀ ಗಂಜಿ ಕುಡಿಸಿ ಮಲಗಿಸಲೂಬೇಡಿ. ಹೊತ್ತಿಗೆ ಸರಿಯಾಗಿ ನೋವಿನ ಔಷಧ ಕೊಟ್ಟು, ಇಡ್ಲಿ, ಮೊಸರನ್ನ ಅಗಿದು ತಿನ್ನುವಂತೆ ಮಾಡಿ. ಅಗಿದು ನುಂಗುವುದರಿಂದ ಗಂಟಲು ಸ್ವಚ್ಛವಾಗಿರುತ್ತದೆ. ಆಸ್ಪಿರಿನ್ ಬೇಡವೇ ಬೇಡ.

ರಕ್ತ ಕಂಡರೆ ಮಗುವನ್ನು ಕೂರಿಸಿ, ಮುಂದಕ್ಕೆ ಬಾಗಿಸಿ, ಬಟ್ಟಲಿಗೆ ಉಗುಳಿಸಿ. ಆಸ್ಪತ್ರೆಯಲ್ಲಿ ನಾವು ಮೊದಲು ಗುಳಿಯಲ್ಲಿ ಕೂತ ಹೆಪ್ಪನ್ನು ತೆಗೆಯುತ್ತೇವೆ. ಅದು ಅಲ್ಲಿದ್ದರೆ ಸುತ್ತಲಿನ ಸ್ನಾಯು ಬಿಗಿದು ನಾಳಗಳನ್ನು ಹಿಸುಕಲಾರದು. ಅದಕ್ಕೂ ನಿಲ್ಲದಿದ್ದರೆ ಮತ್ತೆ ಥಿಯೇಟರಿಗೆ.

ತಾನಾಗಿಯೇ ನಿಂತ ಸಣ್ಣ ರಕ್ತಸ್ರಾವಕ್ಕೂ ಆಸ್ಪತ್ರೆಗೆ ಬನ್ನಿ. ದೊಡ್ಡದು ಅದರ ಬೆನ್ನಿಗೇ ಬರಬಹುದು. ಆ ಹತ್ತು ದಿನ ಮದುವೆ, ಜಾತ್ರೆಯೆಂದು ಮಗುವನ್ನು ದೂರದೂರಿಗೆ ಕರೆದೊಯ್ಯಬೇಡಿ. ಬೆಳಗಾಗಲಿ ಎಂದು ಕಾಯದೆ, ನಡುರಾತ್ರಿಯಾದರೂ 108ಕ್ಕೆ ಕರೆ ಮಾಡಿ.